ನಾಗಪಟ್ಟಣದ ಕಡಲ ತೀರದಲ್ಲಿ

ಕೊಡಗಿನಲ್ಲಿ ಹುಟ್ಟಿದ ಕಾವೇರಿಯು ಎಲ್ಲಿ ಹೋಗಿ ಸಮುದ್ರವನ್ನು ಸೇರುವಳೆಂಬುದನ್ನು ಭೂಗೋಳದ ಪಾಠದಲ್ಲಿ ವರ್ಷವರ್ಷವೂ ಹೇಳಿದವರು ನಾವು; ಆ ಸೀಮೆಯನ್ನು ಕಣ್ಣಾರೆ ಕಾಣುವ ಯೋಗವು ಮಾತ್ರ ವಿಶ್ರಾಂತಿವೇತನ ಪಡೆದ ಮೇಲೆ ಒದಗಿತು. ತಂಜಾವೂರಿನಿಂದ ತಿರುವಾರೂರಿನ ಮಾರ್ಗವಾಗಿ ಪೂರ್ವಕ್ಕೆ ಹೊರಟರೆ ಬೆಟ್ಟಗುಡ್ಡಗಳ ಸುಳಿವೇ ಇಲ್ಲ. ಎರಡು ಕಡೆಗಳಲ್ಲಿಯೂ ಬತ್ತದ ಗದ್ದೆಗಳು, ನಡುನಡುವೆ ಕಾವೇರಿಯ ಕವಲುಗಳು. ಈ ಸಮಭೂಮಿಯ ಅಂಚಿನಲ್ಲಿರುವುದೇ ನಾಗಪಟ್ಟಣ. ಊರೊಳಗೆ ಕಾಯಾರೋಹಣೇಶ್ವರ ಮತ್ತು ನೀಲಾಯತಾಕ್ಷಿಯರ ದೇವಾಲಯ, ಉತ್ತರಕ್ಕೆ ನಾಗೂರಿನ ದರ್ಗಾ, ದಕ್ಷಿಣಕ್ಕೆ ವೇಲಾಂಕಣ್ಣಿಯ ಮಾತೆಯ ಇಗರ್ಜಿ. ಮೂರು ಮತಗಳ ಯಾತ್ರಿಕರೂ ಒಂದೇ ರಸ್ತೆಯಲ್ಲಿ ಸಂಚರಿಸುವರು.

ದೇವರ ದರ್ಶನವಾದ ಬಳಿಕ, ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನೊಡನೆ ಬೆಸ್ತರ ಹಳ್ಳಿಯಾದ ಅಕ್ಕರೈಪೇಟ್ಟೈಗೆ ಹೋದೆವು. 2004ನೆಯ ಡಿಸೆಂಬರ್ 26, ಭಾನುವಾರ, ಬೆಳಗ್ಗೆ ಆರೂವರೆ ಗಂಟೆಯ ಸುಮಾರಿಗೆ ಸುಮಾತ್ರಾ ದ್ವೀಪದ ಬಳಿ ಸಮುದ್ರದ ತಳದಲ್ಲಿ 9.1 ಪ್ರಮಾಣದ ಭೂಕಂಪವಾಯಿತು. ಎರಡು ಮೂರು ಗಂಟೆಗಳೊಳಗಾಗಿ ಸುನಾಮಿಯ ಅಲೆಗಳು ಈ ತೀರವನ್ನು ಮುಟ್ಟಿದುವು. ನಾಗಪಟ್ಟಣ ಜಿಲ್ಲೆಯೊಂದರಲ್ಲಿಯೇ ಮಡಿದವರು 6,000ಕ್ಕೂ ಹೆಚ್ಚು ಮಂದಿ. ಇಂತಹ ಅಲೆಯು ಆಳವಾದ ಕಡಲಿನಲ್ಲಿ ದೋಣಿಯವರಿಗೆ ತಿಳಿಯುವುದೇ ಇಲ್ಲ; ದಡವನ್ನು ಸಮೀಪಿಸಿದಂತೆ ಅದು ಎತ್ತರವಾಗುವುದು. ಆದುದರಿಂದ ಕಡಲಿಗೆ ಹೋಗಿದ್ದ ಗಂಡಸರು ಅನೇಕರು ಉಳಿದರು, ದಡದಲ್ಲಿದ್ದ ಹೆಂಗಸರು ಮಕ್ಕಳು ಹೆಚ್ಚಾಗಿ ಹೋದರು.

ಬಲೆಯ ಹರಕನ್ನು ಹೆಣೆಯುತ್ತ ಕುಳಿತಿದ್ದ ವೃದ್ಧನೊಬ್ಬನು ಹೀಗೆ ಉಳಿದವರಲ್ಲಿ ಒಬ್ಬನು. ಅವನು ತಮಿಳಿನಲ್ಲಿ ಹೇಳಿದುದನ್ನು ಶಿಷ್ಯನು ನಮಗೆ ತಿಳಿಸಿದನು: “ಅಯ್ಯಾ, ಅಕ್ಕಿ ಬಂತು, ಪಾತ್ರೆ ಬಂತು, ಬಟ್ಟೆಯೂ ಬಂತು. ಎಲ್ಲರೂ ಬಂದು ಎಷ್ಟು ಮಂದಿ ಹೋದರೆಂದು ಕೇಳುವರು, ಬರೆದುಕೊಂಡು ಹೋಗುವರು. ಮರುದಿನ ಬೇರೊಬ್ಬರು ಬಂದು ಅದನ್ನೇ ಕೇಳುವರು. ಒಬ್ಬ ಹುಡುಗ ಮಾತ್ರ ಏನೂ ಕೇಳದೆ ದಿನವೂ ಬಂದು ಹತ್ತಿರ ಕುಳಿತುಕೊಳ್ಳುತ್ತಿದ್ದ. ಎಂಟು ದಿನದ ಮೇಲೆ ನಾನೇ ಮಾತಾಡಿದೆ. ‘ನೀನು ಮನೆಯಲ್ಲಿದ್ದಿದ್ದರೆ ಅವರು ಉಳಿಯುತ್ತಿದ್ದರು’ ಎಂದು ನನ್ನ ಮನಸ್ಸೇ ನನಗೆ ಹೇಳುತ್ತಿತ್ತು, ಅದನ್ನು ಅವನಿಗೆ ಹೇಳಿದೆ. ಅವನು ‘ಮರೆತುಬಿಡಿ’ ಎನ್ನಲಿಲ್ಲ.” ಕಡಲಿಗೆ ಮತ್ತೆ ಯಾವಾಗ ಇಳಿದೆಯೆಂದು ಕೇಳಿದೆವು. “ಮೂರು ತಿಂಗಳಾದ ಮೇಲೆ, ಒಬ್ಬನೇ ಅಲ್ಲ, ಎಲ್ಲರೂ ಸೇರಿ” ಎಂದನು.

ಈ ಮಾತನ್ನು ಆಲೋಚಿಸುತ್ತ ನಾವು ದಡದಲ್ಲಿ ಬಹಳ ಹೊತ್ತು ನಿಂತೆವು. ನಮ್ಮ ಊರುಗಳಲ್ಲಿ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು ಅನ್ನವನ್ನು ತಂದು ಬಡಿಸುವರು, ಬಂಧುಗಳು ಹಗಲಿರುಳು ಬಳಿಯಲ್ಲಿರುವರು. ಹಿರಿಯರು ಮಾಡಿದ ಈ ಏರ್ಪಾಡಿನ ಬೆಲೆಯು ಅದು ತಪ್ಪಿದಾಗಲೇ ತಿಳಿಯುವುದು. ಇಲ್ಲಿ ಒಂದೇ ಮುಹೂರ್ತದಲ್ಲಿ ಬೀದಿಯ ಎಲ್ಲ ಮನೆಗಳೂ ಸಾವಿನ ಮನೆಗಳಾದುವು. ಅನ್ನ ತರತಕ್ಕ ನೆರೆಯವನೇ ಅಳುತ್ತ ಕುಳಿತಿದ್ದನು. ಹೀಗಿರುವಲ್ಲಿ ದೂರದವರು ನೆರೆಯವರಾಗಬೇಕಾಗುವುದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಈ ತತ್ತ್ವವನ್ನು ಕಾರ್ಯದಲ್ಲಿ ತಂದವರು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತಿನ ಭೂಕಂಪ, ಆಮೇಲೆ ಈ ಸುನಾಮಿ, ಇವುಗಳಲ್ಲೆಲ್ಲ ಅವರು ಆಯಾ ಊರಿನ ಜನರಿಗೇ ಶಿಕ್ಷಣ ಕೊಟ್ಟು, ಸಂಕಟದಲ್ಲಿರುವವರ ಮಾತು ಕೇಳುವ ಕ್ರಮವನ್ನು ಕಲಿಸಿದರು. ಸಾವಿರಾರು ಮಂದಿ ನೊಂದಿರುವಾಗ ಪ್ರತಿಯೊಬ್ಬರ ಬಳಿಗೂ ವೈದ್ಯನು ಹೋಗಲಾರನು, ಹೋಗಬೇಕಾದುದೂ ಇಲ್ಲ. 2007ರಲ್ಲಿ ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗಳು ಕೂಡಿ ಪ್ರಕಟಿಸಿದ ನಿಯಮಾವಳಿಯನ್ನು ಗೋಪುರದ ದೃಷ್ಟಾಂತದಿಂದ ವಿವರಿಸಬಹುದು. ಅನ್ನ, ನೀರು, ಸೂರು, ರಕ್ಷಣೆ ಇವು ಎಲ್ಲರಿಗೂ ಬೇಕಾದ ತಳದ ಅಂತಸ್ತು. ಅಗಲಿದ ಕುಟುಂಬಗಳನ್ನು ಕೂಡಿಸುವುದು, ಉತ್ತರಕ್ರಿಯೆಗಳಿಗೂ ಶಾಲೆಗೂ ಅನುಕೂಲ ಮಾಡುವುದು ಎರಡನೆಯದು. ಹೆಚ್ಚು ನೊಂದವರಿಗೆ ತರಬೇತಾದ ಕಾರ್ಯಕರ್ತರ ನೆರವು ಮೂರನೆಯದು. ಮನೋವೈದ್ಯರ ಚಿಕಿತ್ಸೆಯು ಶಿಖರದಲ್ಲಿರುವುದು. ಅದು ಬೇಕಾಗುವವರು ಕೆಲವರೇ, ಆದರೆ ಬೇಕಾದವರಿಗೆ ಅದು ತಪ್ಪಬಾರದು. ತಳವಿಲ್ಲದೆ ಶಿಖರವು ನಿಲ್ಲದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನಾಥರಾದ ಮಕ್ಕಳಿಗಾಗಿ ಸರ್ಕಾರದವರು ನಾಗಪಟ್ಟಣದಲ್ಲಿ ‘ಅನ್ನೈ ಸತ್ಯಾ’ ಎಂಬ ಮನೆಯನ್ನು ತೆರೆದರು. ಆಗ ಜಿಲ್ಲಾಧಿಕಾರಿಯಾಗಿದ್ದ ಜೆ. ರಾಧಾಕೃಷ್ಣನ್ ಅವರು ಬೇರೆಡೆಗೆ ವರ್ಗವಾದ ಮೇಲೆಯೂ ವರ್ಷಗಟ್ಟಲೆ ಆ ಮಕ್ಕಳ ಯೋಗಕ್ಷೇಮವನ್ನು ವಿಚಾರಿಸುತ್ತಲೇ ಬಂದರು. ಮಕ್ಕಳಿಗೆ ಬೇಕಾದುದು ಇಂತಹ ಬಿಡದ ಸಂಬಂಧವೇ. ಇದಕ್ಕೆ ವಿರುದ್ಧವಾದ ಉಪಕಾರವೂ ಆಗ ನಡೆಯಿತು: ದೂರದೂರುಗಳಿಂದ ಲಾರಿಗಳಲ್ಲಿ ಬಂದ ಹಳೆಯ ಬಟ್ಟೆಗಳು ಉಡುವವರಿಲ್ಲದೆ ರಸ್ತೆಯ ಬದಿಯಲ್ಲಿ ರಾಶಿಬಿದ್ದಿದ್ದುವು. ಸರ್ವಸ್ವವನ್ನೂ ಕಳೆದುಕೊಂಡವನಿಗೂ ಮಾನವೆಂಬುದು ಉಳಿದಿರುವುದು. ಕೊಡುವವರು ಏನು ಬೇಕೆಂದು ಮೊದಲು ಕೇಳಬೇಕು.

ಇದು ಕಡಲ ತೀರದವರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ವಾಚಕರು ಭಾವಿಸಬಾರದು. 2018ರ ಆಗಸ್ಟ್ ತಿಂಗಳಲ್ಲಿ ಕಾವೇರಿಯ ತವರಾದ ಕೊಡಗಿನಲ್ಲಿಯೇ ಗುಡ್ಡಗಳು ಜರಿದು ಮನೆಗಳು ಮಣ್ಣುಪಾಲಾದುವು. ಅಂತಹ ಊರಿನಿಂದ ಬಂದ ಕುಟುಂಬವು ನಿಮ್ಮ ಬೀದಿಯಲ್ಲಿ ನೆಲಸಿದರೆ, ಗೃಹಿಣಿಯರು ಒಂದು ಹೊತ್ತಿನ ಅಡಿಗೆಯನ್ನು ಕಳುಹಿಸಲಿ. ಮಕ್ಕಳನ್ನು ಆಟಕ್ಕೆ ಕರೆಯಲಿ. ನಡೆದುದನ್ನು ಕೆದಕಿ ಕೇಳಬಾರದು. ಅವರಾಗಿ ಹೇಳಿದರೆ ಕಡೆಯವರೆಗೆ ಕೇಳಬೇಕು. ವಾರಗಳು ಕಳೆದರೂ ನಿದ್ರೆಯಿಲ್ಲದೆ, ಅನ್ನ ಸೇರದೆ, ಬದುಕೇ ಬೇಡವೆನ್ನುವವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಿಂದ ಸರ್ಕಾರವು ನಡೆಸುತ್ತಿರುವ ಟೆಲಿ ಮಾನಸ್ ಎಂಬ ದೂರವಾಣಿಯು ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುವುದು. ಅದರ ಸಂಖ್ಯೆ 14416. ಪಂಚಾಂಗವನ್ನು ತೂಗುಹಾಕಿರುವ ಗೋಡೆಯ ಮೇಲೆ ಇದನ್ನೂ ಬರೆದಿಡುವುದು ಒಳ್ಳೆಯದು.