ಮುಗಿಯದ ಪರೀಕ್ಷೆ

ಈ ಲೇಖನವನ್ನು ಬರೆಯಬೇಕೋ ಬೇಡವೋ ಎಂದು ಬಹುದಿನ ಯೋಚಿಸಿದೆ. ನನ್ನದೇ ಒಂದು ತಪ್ಪಿನ ಒಪ್ಪಿಗೆಯೂ ಇದರಲ್ಲಿ ಸೇರಿರುವುದೇ ಆ ಹಿಂಜರಿಕೆಗೆ ಕಾರಣ. ಮೂವತ್ತು ವರ್ಷಕ್ಕೂ ಮಿಕ್ಕಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದವನು ನಾನು. ಈಗ ಆಯನೂರಿನ ಹಳೆಯ ಮನೆಯಲ್ಲಿ ವಾಸವಾಗಿದ್ದೇನೆ. ಮನೆಯಲ್ಲಿ ಮಕ್ಕಳ ಉದ್ಯೋಗದ ಮಾತು ನಡೆಯುತ್ತಿರುವ ತಂದೆತಾಯಿಗಳಿಗೆ ಇದರಿಂದ ಎಳ್ಳಷ್ಟು ಪ್ರಯೋಜನವಾದರೂ ಬರೆದುದು ಸಾರ್ಥಕವೆಂದು ಭಾವಿಸಿದ್ದೇನೆ.

ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು ನಮ್ಮದು. ವಿದ್ಯುತ್ತೆಂದರೆ ನಮ್ಮ ಕಡೆಯವರಿಗೆ ಜೋಗ, ಲಿಂಗನಮಕ್ಕಿ, ಶರಾವತಿ. ಮುಳುಗಡೆಯಾದ ಊರುಗಳ ಜನ ಗಂಟುಮೂಟೆ ಕಟ್ಟಿಕೊಂಡು ನಮ್ಮ ತಾಲ್ಲೂಕಿನ ಕಾಡಂಚಿಗೆ ಬಂದು ನೆಲೆಸಿದುದನ್ನು ಹಿರಿಯರು ಹೇಳುತ್ತಿದ್ದರು. ಆದರೆ ಅಣುವಿನಿಂದ ಬರುವ ವಿದ್ಯುತ್ತಿಗೂ ನಮಗೂ ಯಾವ ನಂಟೂ ಇರಲಿಲ್ಲ. ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ರಿಯಾಕ್ಟರಿನ ಚಿತ್ರ ಬರೆದು, ಇಂಧನ, ಮಂದಕ, ನಿಯಂತ್ರಣ ಸರಳು ಎಂದು ಬಾಣದ ಗುರುತು ಹಾಕಿ, ಐದು ಅಂಕದ ಪ್ರಶ್ನೆಯೆಂದು ಹೇಳಿ ಅಳಿಸಿಬಿಡುತ್ತಿದ್ದೆ. ಅಲ್ಲಿಗೆ ನನ್ನ ಅಣುವಿದ್ಯೆ ಮುಗಿಯುತ್ತಿತ್ತು.

2001ರಲ್ಲಿ ನನ್ನ ತಂಗಿ ಒಂದು ಲಕೋಟೆ ಹಿಡಿದುಕೊಂಡು ಅಳುಮುಖದಿಂದ ಬಂದಳು. ಶಿವಮೊಗ್ಗೆಯಲ್ಲಿ ಎಂಜಿನಿಯರಿಂಗ್ ಮುಗಿಸಿದ್ದ ಅವಳ ಮಗನಿಗೆ ಪರಮಾಣು ವಿದ್ಯುತ್ ನಿಗಮದಲ್ಲಿ ತರಬೇತಿಗೆ ಆಯ್ಕೆಯಾಗಿತ್ತು. ಒಂದು ವರ್ಷ ರಾಜಸ್ಥಾನದ ರಾವತ್‌ಭಾಟಾದಲ್ಲಿ ತರಬೇತಿ, ಅಷ್ಟು ಕಾಲ ಶಿಷ್ಯವೇತನ, ಅನಂತರ ನೇಮಕ. ಅವಳಿಗಿದ್ದುದು ವಿಕಿರಣದ ಭಯ. ಮಗನಿಗೆ ಏನಾದೀತು, ಹೆಣ್ಣು ಯಾರು ಕೊಟ್ಟಾರು ಎಂಬ ಚಿಂತೆ. ನನಗೆ ತೋರಿದ ಆಕ್ಷೇಪಣೆಯೇ ಬೇರೆ. "ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನಿಗೆ ಮತ್ತೊಂದು ವರ್ಷ ಪಾಠವೇ? ಇವನ ಪದವಿಗೆ ಬೆಲೆಯಿಲ್ಲವೇ?" ಎಂದು ನಾನು ಹುಡುಗನನ್ನು ತಡೆಯಲು ನೋಡಿದೆ. ಡಿಪ್ಲೊಮಾ ಆದವರಿಗೆ ಒಂದೂವರೆ ವರ್ಷ, ಐಟಿಐ ಆದವರಿಗೆ ಎರಡು ವರ್ಷ ತರಬೇತಿ ಎಂದು ತಿಳಿದಾಗ ನನ್ನ ಅಸಮಾಧಾನ ಇನ್ನಷ್ಟು ಹೆಚ್ಚಿತು. ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುವ ಉಪಾಯವಿದೆಂದು ಬಾಯಿಬಿಟ್ಟು ಹೇಳಿದವನೂ ನಾನೇ. ಹುಡುಗ ವಾದಿಸಲಿಲ್ಲ. ಇಷ್ಟಲಿಂಗಪೂಜೆ ಮುಗಿಸಿ, ನಮ್ಮೆಲ್ಲರ ಕಾಲಿಗೆ ನಮಸ್ಕರಿಸಿ ರೈಲು ಹತ್ತಿದ.

ಈ ವಿದ್ಯೆಗೆ ಪ್ರತ್ಯೇಕ ಶಾಲೆ ಏಕೆ ಬೇಕಾಯಿತೆಂಬುದನ್ನು ನಾನು ತಿಳಿದುಕೊಂಡದ್ದು ಆಮೇಲೆ. 1956ರ ಆಗಸ್ಟಿನಲ್ಲಿ ಟ್ರಾಂಬೆಯ 'ಅಪ್ಸರಾ' ರಿಯಾಕ್ಟರ್ ಚಾಲನೆಗೊಂಡಾಗ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ಕಲಿಸುವ ವ್ಯವಸ್ಥೆಯೇ ಇರಲಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ ಹೋಮಿ ಭಾಭಾ ಅವರು ಮರುವರ್ಷ, 1957ರಲ್ಲಿ, ಟ್ರಾಂಬೆಯಲ್ಲೇ ತರಬೇತಿ ಶಾಲೆಯೊಂದನ್ನು ತೆರೆದರು. ಅದನ್ನು ಕಟ್ಟಿ ಬೆಳೆಸಿದುದರಲ್ಲಿ ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಪಾತ್ರ ಹಿರಿದು. ಬೆಂಗಳೂರಿನವರೇ ಆದ ಎಂ. ಆರ್. ಶ್ರೀನಿವಾಸನ್ ಅವರು 1955ರಲ್ಲೇ ಈ ಇಲಾಖೆ ಸೇರಿ, 'ಅಪ್ಸರಾ'ದ ನಿರ್ಮಾಣದಲ್ಲಿ ದುಡಿದು, 1987ರಲ್ಲಿ ವಿದ್ಯುತ್ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. 2025ರ ಮೇ ತಿಂಗಳಿನಲ್ಲಿ ಅವರು ತೀರಿಕೊಂಡಾಗ ನಮ್ಮ ಪತ್ರಿಕೆಗಳು ಇನ್ನಷ್ಟು ಬರೆಯಬೇಕಾಗಿತ್ತೆಂದು ನನಗನ್ನಿಸಿತು. ರಾವತ್‌ಭಾಟಾದ ಕಥೆಯೂ ಸ್ವಾರಸ್ಯವಾದುದೇ. ಅಲ್ಲಿನ ಮೊದಲ ರಿಯಾಕ್ಟರನ್ನು ಕೆನಡಾದ ನೆರವಿನಿಂದ ಕಟ್ಟಲಾಗಿತ್ತು. 1974ರ ಪೋಖರಣ್ ಪರೀಕ್ಷೆಯ ಬಳಿಕ ಆ ದೇಶ ತನ್ನ ನೆರವನ್ನು ಹಿಂತೆಗೆದುಕೊಂಡಿತು. ಅಲ್ಲಿಂದಾಚೆಗೆ ನಮ್ಮವರು ತಮ್ಮ ಕೆಲಸಗಾರರನ್ನು ತಾವೇ ತಿದ್ದಿಕೊಳ್ಳದೆ ಗತಿಯಿರಲಿಲ್ಲ.

ತರಬೇತಿ ಮುಗಿಸಿದ ಹುಡುಗನಿಗೆ ಕೈಗಾಕ್ಕೇ ನೇಮಕವಾಯಿತು. ತಂಗಿಗೆ ಅದು ಸಮಾಧಾನವೂ ಆಯಿತು, ಸಂಕಟವೂ ಆಯಿತು. ಸಾಗರ, ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ಮೇಲೆ ಒಂದು ಹಗಲಿನ ಪ್ರಯಾಣವಷ್ಟೆ. ಆದರೆ ಕೈಗಾ ಎಂಬ ಹೆಸರೇ ನಮ್ಮ ಮಲೆನಾಡಿನಲ್ಲಿ ಒಳ್ಳೆಯ ಹೆಸರಾಗಿರಲಿಲ್ಲ. ಅದನ್ನು ವಿರೋಧಿಸಿ ಶಿವರಾಮ ಕಾರಂತರು ಆ ವಯಸ್ಸಿನಲ್ಲಿ, 1989ರಲ್ಲಿ, ಲೋಕಸಭಾ ಚುನಾವಣೆಗೇ ನಿಂತಿದ್ದರು. 1994ರ ಮೇ 13ರಂದು, ಇಂಧನ ತುಂಬುವುದಕ್ಕೂ ಬಹಳ ಮೊದಲು, ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟು ಕುಸಿದು ಬಿದ್ದಿತ್ತು. ವಿನ್ಯಾಸವನ್ನೇ ಬದಲಿಸಿ ಅದನ್ನು ಮತ್ತೆ ಕಟ್ಟಬೇಕಾಯಿತು. ಮೊದಲೆರಡು ಘಟಕಗಳು ವಿದ್ಯುತ್ ಮಾರಾಟ ಆರಂಭಿಸಿದುದು 2000ದಲ್ಲಿ. ಈ ಭಯಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಹೆಣ್ಣು ನೋಡಲು ಹೋದಾಗ ಒಂದು ಮನೆಯವರು "ಶರಣು, ಬೇರೆ ಕಡೆ ನೋಡಿ" ಎಂದು ಕೈಮುಗಿದರು. ಇನ್ನೊಂದು ಮನೆಯ ಹಿರಿಯರು ಮಾತ್ರ, ಅವನು ಕೆಲಸದಲ್ಲಿ ಎದೆಗೆ ಧರಿಸುವ ವಿಕಿರಣಮಾಪಕ ಬಿಲ್ಲೆ ಏನು ಮಾಡುತ್ತದೆಂದು ಒಂದು ಗಂಟೆ ಕೂಡಿಸಿಕೊಂಡು ಕೇಳಿದರು. ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲಿಯೂ 30ನ್ನು ದಾಟಬಾರದು ಎಂಬ ನಿಯಮವನ್ನು ಕೇಳಿ ತಿಳಿದುಕೊಂಡು, ಮಗಳನ್ನು ಕೊಟ್ಟರು.

ಮದುವೆಯಾದ ಕೆಲವು ವರ್ಷಗಳ ಮೇಲೆ ಮಲ್ಲಾಪುರದ ವಸತಿ ಬಡಾವಣೆಯಲ್ಲಿ ಅವನ ಮನೆಗೆ ನಾನು ಹೋಗಿದ್ದೆ. ರಾತ್ರಿ ಹನ್ನೊಂದರ ಮೇಲೂ ಊಟದ ಮೇಜಿನ ಮೇಲೆ ನಕ್ಷೆಗಳನ್ನು ಹರಡಿಕೊಂಡು ಕುಳಿತಿದ್ದ. ಮಗು ಮಲಗಿತ್ತು. ನಿಯಂತ್ರಣ ಕೊಠಡಿಯಲ್ಲಿ ಕುಳಿತು ರಿಯಾಕ್ಟರ್ ನಡೆಸಬೇಕಾದರೆ ಪದವಿ ಸಾಲದು, ತರಬೇತಿಯೂ ಸಾಲದು, ಪರವಾನಗಿ ಬೇಕು ಎಂಬುದು ನನಗೆ ತಿಳಿದುದು ಅಂದೇ. ಸ್ಥಾವರದ ಒಂದೊಂದು ಕೊಳವೆ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ, ಯಾವ ಕವಾಟ ಎಲ್ಲಿದೆ ಎಂಬುದನ್ನು ನಕ್ಷೆ ಹಿಡಿದು ನಡೆದು ನೋಡಿ ಗುರುತಿಸಬೇಕು. ಲಿಖಿತ ಪರೀಕ್ಷೆ ಬೇರೆ. ಸ್ಥಾವರದೊಳಗೆ ನಡೆಸಿಕೊಂಡು ಹೋಗಿ "ಇದು ಏನು, ಇದು ಕೆಟ್ಟರೆ ಏನು ಮಾಡುವೆ" ಎಂದು ಕೇಳುವ ಪರೀಕ್ಷೆ ಬೇರೆ. ಸಿಮ್ಯುಲೇಟರ್ ಎಂಬ, ನಿಯಂತ್ರಣ ಕೊಠಡಿಯ ತದ್ರೂಪದಲ್ಲಿ ಕೂಡಿಸಿ, ಬೋಧಕರು ಹಿಂದಿನಿಂದ ಒಂದೊಂದೇ ಸಂಕಟವನ್ನು ಒಡ್ಡುತ್ತಾರೆ. ಪಂಪು ನಿಂತಿತು, ವಿದ್ಯುತ್ ಹೋಯಿತು, ಎರಡು ಮಾಪಕಗಳು ಎರಡು ಬಗೆಯ ಲೆಕ್ಕ ತೋರಿಸುತ್ತಿವೆ, ಯಾವುದನ್ನು ನಂಬುವೆ? ಕೊನೆಗೆ ಸಮಿತಿಯ ಮುಂದೆ ಮೌಖಿಕ ಪರೀಕ್ಷೆ. ಇಷ್ಟೆಲ್ಲ ಆಗಿ ಬರುವ ಪರವಾನಗಿಗೂ ಮೂರೇ ವರ್ಷ ಆಯಸ್ಸು. ಅನಂತರ ಮತ್ತೆ ಪರೀಕ್ಷೆ.

ಇಷ್ಟು ಕಟ್ಟುನಿಟ್ಟೇಕೆಂದು ಕೇಳಿದಾಗ ಅವನು ಎರಡು ಘಟನೆಗಳನ್ನು ಹೇಳಿದ. ಮೊದಲನೆಯದು ಅಮೆರಿಕದ ತ್ರೀ ಮೈಲ್ ಐಲೆಂಡಿನದು. 1979ರ ಮಾರ್ಚ್ 28ರಂದು ಅಲ್ಲಿ ಒಂದು ಕವಾಟ ತೆರೆದುಕೊಂಡೇ ಉಳಿದು ನೀರು ಸೋರಿಹೋಗುತ್ತಿದ್ದಾಗ, ನೀರು ಹೆಚ್ಚಾಗಿದೆಯೆಂದು ಭ್ರಮಿಸಿದ ಚಾಲಕರು, ತಾನಾಗಿ ಹರಿದು ಬರುತ್ತಿದ್ದ ತುರ್ತು ನೀರನ್ನೇ ಕಡಿಮೆ ಮಾಡಿದರು. ಇಂಧನದ ಸುಮಾರು ಅರ್ಧಭಾಗ ಕರಗಿತು. ಅವರು ದಡ್ಡರಲ್ಲ, ಅಂಥ ಸನ್ನಿವೇಶವನ್ನು ಅವರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಇನ್ನೊಂದು ನಮ್ಮದೇ ನರೋರಾದ್ದು. 1993ರ ಮಾರ್ಚ್ 31ರ ನಸುಕಿನಲ್ಲಿ, ಮೂರೂವರೆಯ ವೇಳೆಗೆ, ಟರ್ಬೈನಿನ ಎಲೆಗಳು ಮುರಿದು, ಹೈಡ್ರೋಜನ್ ಸೋರಿ, ಬೆಂಕಿ ಹತ್ತಿತು. ಒಂದು ನಿಮಿಷ ಕಳೆಯುವುದರೊಳಗೆ ಚಾಲಕರು ರಿಯಾಕ್ಟರನ್ನು ನಿಲ್ಲಿಸಿದರು. ಕೇಬಲ್ಲುಗಳು ಸುಟ್ಟು ಸ್ಥಾವರವೆಲ್ಲ ಕತ್ತಲಾಯಿತು. ಆ ಕತ್ತಲು ಸುಮಾರು 17 ಗಂಟೆ ಇತ್ತು. ನಿಯಂತ್ರಣ ಕೊಠಡಿಯಲ್ಲಿ ಹೊಗೆ ತುಂಬಿ ನಿಲ್ಲಲಾಗಲಿಲ್ಲ. ಆಗ ಕೆಲವರು ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿ, ರಿಯಾಕ್ಟರ್ ಮತ್ತೆ ಹೊತ್ತಿಕೊಳ್ಳದಂತೆ ಬೋರಾನ್ ದ್ರಾವಣದ ಕವಾಟಗಳನ್ನು ಕೈಯಿಂದಲೇ ತಿರುಗಿಸಿದರು. ಬೆಂಕಿ ಆರಿಸುವ ಡೀಸೆಲ್ ಪಂಪುಗಳಿಂದ ನೀರು ಹರಿಸಿ ಶಾಖವನ್ನು ಇಳಿಸಿದರು. ವಿಕಿರಣ ಹೊರಗೆ ಬರಲಿಲ್ಲ. "ಮಾವ, ಆ ಕತ್ತಲಲ್ಲಿ ನಕ್ಷೆ ನೋಡಲು ಎಲ್ಲಿ ಆಗುತ್ತೆ? ಕವಾಟ ಎಲ್ಲಿದೆ ಅಂತ ಕಾಲಿಗೇ ಗೊತ್ತಿರಬೇಕು" ಎಂದ.

ಆ ಸಲದ ಮೌಖಿಕ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ತಂಗಿ ಫೋನಿನಲ್ಲಿ ಅತ್ತಳು. ನಾನು ಸೋದರಮಾವನ ಕರ್ತವ್ಯವೆಂದು ತಿಳಿದು, ಅವನಿಗೆ ಫೋನು ಮಾಡಿ, "ಸಮಿತಿಯಲ್ಲಿ ಯಾರಿದ್ದಾರೆ? ನಮ್ಮವರು ಯಾರಾದರೂ ಇದ್ದರೆ ಹೇಳು, ಹಿರಿಯರ ಮೂಲಕ ಒಂದು ಮಾತು ಹಾಕಿಸೋಣ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಅವನು ಮೆಲ್ಲಗೆ, "ಮಾವ, ಹಾಗೆ ಪಾಸಾದವನ ಜೊತೆ ನಾನು ರಾತ್ರಿ ಪಾಳಿಗೆ ಕೂರಲಾರೆ. ನಾನೇ ಹಾಗೆ ಪಾಸಾದರೆ ನನ್ನ ಜೊತೆ ಯಾರು ಕೂರಬೇಕು?" ಎಂದ.

ಫೋನು ಕೆಳಗಿಟ್ಟ ಮೇಲೆ ನನಗೆ ನೆನಪಾದುದು ಬೇರೆಯೇ ಒಂದು ಸಂಗತಿ. ಬಹಳ ವರ್ಷಗಳ ಹಿಂದೆ ಒಂದು ಕಾಲೇಜಿಗೆ ದ್ವಿತೀಯ ಪಿಯುಸಿ ಪ್ರಾಯೋಗಿಕ ಪರೀಕ್ಷೆಯ ಪರೀಕ್ಷಕನಾಗಿ ಹೋಗಿದ್ದೆ. ಒಬ್ಬ ಹುಡುಗನಿಗೆ ಮೀಟರ್ ಬ್ರಿಜ್ಜಿನ ತಂತಿ ಜೋಡಿಸಲು ಬರಲಿಲ್ಲ. ಬ್ಯಾಟರಿ ಯಾವ ಕಡೆ, ಗ್ಯಾಲ್ವನೋಮೀಟರ್ ಯಾವ ಕಡೆ ಎಂಬುದೂ ತಿಳಿಯದೆ ಬೆವರುತ್ತ ನಿಂತಿದ್ದ. ಹಿಂದಿನ ರಾತ್ರಿಯೇ ಅವನ ವಿಷಯವಾಗಿ ನನ್ನ ಪರಿಚಯದವರೊಬ್ಬರಿಂದ ಚೀಟಿ ಬಂದಿತ್ತು. ನಾನು ಅವನಿಗೆ ತುಂಬು ಅಂಕ ಕೊಟ್ಟೆ. ಬಡವರ ಮಗ, ಮುಂದೆ ಹೋಗಲಿ ಎಂದು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅವನ ಬಡತನ ನಿಜವೇ ಆಗಿತ್ತು. ಆದರೆ ತಂತಿ ಜೋಡಿಸುವುದನ್ನು ಅರ್ಧ ಗಂಟೆ ಕೂತು ಕಲಿಸಲು ನನಗೆ ಯಾರೂ ಅಡ್ಡಿ ಮಾಡಿರಲಿಲ್ಲ. ಅವನೀಗ ಎಲ್ಲಿ, ಯಾವ ಯಂತ್ರದ ಮುಂದೆ ಕುಳಿತಿದ್ದಾನೆಯೋ ನಾನರಿಯೆ. ಕಾಯಕದ ಮಹತ್ವದ ಬಗ್ಗೆ ವೇದಿಕೆಯ ಮೇಲೆ ನಾನೂ ಎಷ್ಟೋ ಸಲ ಮಾತನಾಡಿ ಹಾರ ಹಾಕಿಸಿಕೊಂಡವನು.

ಹುಡುಗ ಮತ್ತೆ ಓದಿದ. ಎರಡನೆಯ ಸಲ ತೇರ್ಗಡೆಯಾದ. 2009ರ ನವೆಂಬರಿನಲ್ಲಿ, ಕೈಗಾದಲ್ಲಿ ಕುಡಿಯುವ ನೀರಿನ ಯಂತ್ರಕ್ಕೆ ಯಾರೋ ಟ್ರಿಟಿಯಂ ಇರುವ ಭಾರಜಲ ಬೆರೆಸಿದ್ದರಿಂದ ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹಕ್ಕೆ ಅದು ಸೇರಿತೆಂಬ ಸುದ್ದಿ ಬಂದಾಗ ತಂಗಿ ಎರಡು ದಿನ ಊಟ ಬಿಟ್ಟಳು. ಅವನು ಅವರಲ್ಲಿರಲಿಲ್ಲ. ವಾಡಿಕೆಯಂತೆ ನಡೆಯುವ ಮೂತ್ರಪರೀಕ್ಷೆಯಿಂದಲೇ ಅದು ಪತ್ತೆಯಾಯಿತೆಂದು ಅವನು ತಿಳಿಸಿದರೂ, ಒಳಗಿನವರೇ ಯಾರೋ ಹೀಗೆ ಮಾಡಿರಬಹುದೆಂಬ ಅನುಮಾನ ನನ್ನನ್ನು ಬಹುಕಾಲ ಕಾಡಿತು. ಮನಸ್ಸನ್ನು ತಿದ್ದುವುದಕ್ಕೆ ಯಾವ ಸಿಮ್ಯುಲೇಟರ್ ಇದೆ? 2018ರ ಡಿಸೆಂಬರಿನಲ್ಲಿ ಕೈಗಾದ ಮೊದಲ ಘಟಕ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿದಾಗ ಅದೇ ತಂಗಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅನಂತರ ಕೆನಡಾದ ಡಾರ್ಲಿಂಗ್ಟನ್ ಆ ದಾಖಲೆಯನ್ನು ಮುರಿಯಿತೆಂದು ನಾನು ಅವಳಿಗೆ ಇನ್ನೂ ಹೇಳಿಲ್ಲ.

ಕೈಗಾದಲ್ಲಿ ಈಗಿರುವ ನಾಲ್ಕು 220 ಮೆಗಾವ್ಯಾಟ್ ಘಟಕಗಳ ಜೊತೆಗೆ 700 ಮೆಗಾವ್ಯಾಟಿನ ಇನ್ನೆರಡು ಬರಲಿವೆ. ಅವಕ್ಕೂ ಜನ ಬೇಕು. ನಮ್ಮ ಸುತ್ತಿನ ಹಳ್ಳಿಗಳ ಡಿಪ್ಲೊಮಾ, ಐಟಿಐ ಓದಿದ ಹುಡುಗರು ಅರ್ಜಿ ತುಂಬುವ ವಿಚಾರ ಕೇಳಿಕೊಂಡು ಆಗಾಗ ನನ್ನ ಜಗಲಿಗೆ ಬರುತ್ತಾರೆ. ಕೆಲವರು ಬರುವಾಗಲೇ "ಸರ್, ಅಲ್ಲಿ ನಿಮ್ಮ ಅಳಿಯಂದಿರು ಇದ್ದಾರಂತಲ್ಲ" ಎಂದು ಆರಂಭಿಸುತ್ತಾರೆ. ಅಂಥವರನ್ನು ಕೂಡಿಸಿ, ಅಟ್ಟದ ಮೇಲಿಂದ ಇಳಿಸಿಟ್ಟಿರುವ ಹಳೆಯ ಮೀಟರ್ ಬ್ರಿಜ್ಜನ್ನು ಮುಂದಿಟ್ಟು, ಜೋಡಿಸು ಎನ್ನುತ್ತೇನೆ. ಬಾರದಿದ್ದರೆ ಕಲಿಸುತ್ತೇನೆ. ಕೆಲವರು ಮರುದಿನ ಬರುವುದಿಲ್ಲ.

ಕಳೆದ ಶಿವರಾತ್ರಿಗೆ ಅಳಿಯ ಊರಿಗೆ ಬಂದಿದ್ದ. ತಲೆ ನರೆತಿದೆ. ಜಾಗರಣೆಯ ರಾತ್ರಿ ಎಲ್ಲರೂ ಭಜನೆಗೆ ಹೋಗಿದ್ದಾಗ ಅವನು ಪಡಸಾಲೆಯಲ್ಲಿ ದೀಪ ಹಾಕಿಕೊಂಡು ಕಾಗದಗಳನ್ನು ತಿರುವಿ ಹಾಕುತ್ತಿದ್ದ. ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಮರುದಿನ ಬೆಳಿಗ್ಗೆ ತಂಗಿ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಡುತ್ತ, "ಐವತ್ತರ ಹತ್ತಿರ ಬಂತಲ್ಲೋ ನಿನಗೆ, ಇನ್ನೂ ಎಷ್ಟು ಪರೀಕ್ಷೆ?" ಎಂದು ಕೇಳಿದಳು. ಅವನು ಬೆರಳು ಮಡಿಸಿ, ನಿವೃತ್ತಿಯವರೆಗೆ ಎಷ್ಟು ಮೂರು ವರ್ಷಗಳಾಗುತ್ತವೆಂದು ಲೆಕ್ಕ ಹಾಕತೊಡಗಿದ. ಅಷ್ಟರಲ್ಲಿ ಸಾಗರದ ಬಸ್ಸು ಬಂದಿತು.