ಗದ್ದೆಯ ಹಸಿವು

2022ರಲ್ಲಿ ಪೊಟ್ಯಾಷ್ ಚೀಲದ ಬೆಲೆ 1,700 ರೂಪಾಯಿ ಮುಟ್ಟಿದಾಗ, ಈ ಸಲ ಯೂರಿಯಾದಲ್ಲೇ ಸುಧಾರಿಸೋಣ ಎಂದುಕೊಂಡೆ. ಸೊರಬದ ಕಡೆಯ ನಮ್ಮ ಗದ್ದೆ ಜಂಬಿಟ್ಟಿಗೆ ಮಣ್ಣಿನದು. ಮಳೆನೀರಿನ ಜೊತೆ ಪೊಟ್ಯಾಷ್ ಬಸಿದು ಹೋಗುವ ನೆಲ. ಅದು ಗೊತ್ತಿದ್ದೂ ಹಾಗೆ ಮಾಡಿದೆ.

ಭತ್ತ ಹೊಡೆ ತುಂಬುವ ಹೊತ್ತಿಗೆ ಎಲೆಗಳಲ್ಲಿ ಕಂದು ಚುಕ್ಕೆ ಕಂಡವು. ನಮ್ಮೂರಲ್ಲಿ ಭತ್ತದ ಎಲೆಗೆ ಏನೇ ಬಂದರೂ ಬೆಂಕಿ ರೋಗ ಎನ್ನುವುದು ರೂಢಿ. ನಾನೂ ಯಾರಿಗೂ ತೋರಿಸದೆ ಕಾರ್ಬೆಂಡಜಿಮ್ ತಂದು ಹೊಡೆದೆ. ಚುಕ್ಕೆ ಹಬ್ಬುತ್ತಲೇ ಹೋಯಿತು. ಮತ್ತೆ ಹೊಡೆದೆ. ಎಲೆ ಹಳದಿಗಟ್ಟಿದ್ದು ಕಂಡು ಇನ್ನಷ್ಟು ಯೂರಿಯಾ ಎರಚಿದೆ.

ಕೊನೆಗೆ ಕೃಷಿ ವಿಜ್ಞಾನ ಕೇಂದ್ರದವರೊಬ್ಬರು ಎಲೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆಂಕಿ ರೋಗದ ಚುಕ್ಕೆಗೆ ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ. ನಮ್ಮ ಎಲೆಯಲ್ಲಿದ್ದವು ಎಳ್ಳುಕಾಳಿನಂಥ ಅಂಡಾಕಾರದ ಚುಕ್ಕೆಗಳು, ಸುತ್ತ ತೆಳು ಹಳದಿ. ಇದು ಕಂದು ಚುಕ್ಕೆ ರೋಗ, ಬೈಪೋಲಾರಿಸ್ ಒರೈಜೆ ಎಂಬ ಶಿಲೀಂಧ್ರದ ಕೆಲಸ. ಕಾರ್ಬೆಂಡಜಿಮ್‌ಗೆ ಇದು ಜಗ್ಗುವುದಿಲ್ಲ. ಮ್ಯಾಂಕೋಜೆಬ್ ಆದರೆ ತಕ್ಕಮಟ್ಟಿಗೆ ತಡೆಯುತ್ತದೆ.

“ಮಣ್ಣು ಪರೀಕ್ಷೆ ಮಾಡಿಸಿದ್ದೀರಾ?” ಎಂದರು. ಮಾಡಿಸಿರಲಿಲ್ಲ. ಪೊಟ್ಯಾಷ್, ಸಿಲಿಕಾ ಕಡಿಮೆಯಾದ, ನೀರು ಕೈಕೊಟ್ಟ ಗದ್ದೆಯಲ್ಲಿ ಈ ರೋಗ ಜೋರು. ಎಲೆಯ ಮೇಲ್ಪದರವನ್ನು ಗಟ್ಟಿಮಾಡುವುದೇ ಸಿಲಿಕಾ. ಗಿಡ ಹಸಿದಿತ್ತು, ನಾನು ಔಷಧಿ ಕುಡಿಸುತ್ತಿದ್ದೆ.

ಕೊಯ್ಲಿನಲ್ಲಿ ತೆನೆತೆನೆಗೂ ಜೊಳ್ಳು, ಉಳಿದ ಕಾಳಿನ ಮೇಲೂ ಕಪ್ಪು ಕಲೆ. ಆ ಭತ್ತವನ್ನೇ ಬೀಜಕ್ಕೆ ಇಡಲು ಹೊರಟಿದ್ದೆ! ರೋಗ ಬೀಜದಲ್ಲೇ ಉಳಿದು ಸಸಿಮಡಿಗೆ ಬರುತ್ತದೆ ಎಂದು ಅವರೇ ತಡೆದರು.

1942ರಲ್ಲಿ ಬಂಗಾಳದ ಭತ್ತವನ್ನು ಹಾಳುಗೆಡವಿದ್ದು ಇದೇ ರೋಗ. ಮರುವರ್ಷದ ಕ್ಷಾಮಕ್ಕೆ ಅದನ್ನೇ ದೊಡ್ಡ ಕಾರಣವಾಗಿ ಸಸ್ಯರೋಗ ತಜ್ಞ ಎಸ್. ವೈ. ಪದ್ಮನಾಭನ್ 1973ರಲ್ಲಿ ಎತ್ತಿ ತೋರಿಸಿದರು. ಯುದ್ಧಕಾಲದ ಆಡಳಿತದ ಹೊಣೆ ಅದಕ್ಕಿಂತ ದೊಡ್ಡದು ಎಂದೇ ನನ್ನ ನಂಬಿಕೆ. ಆದರೂ ಎಳ್ಳಿನಷ್ಟು ಚುಕ್ಕೆಯನ್ನು ಹಗುರವಾಗಿ ಕಾಣುವ ಧೈರ್ಯ ಈಗ ನನಗಿಲ್ಲ.

ಈಗ ಪೊಟ್ಯಾಷನ್ನು ನಾಟಿಯ ಹೊತ್ತಿಗೆ ಅರ್ಧ, ತೆನೆ ಕಟ್ಟುವ ಮೊದಲು ಅರ್ಧ ಕೊಡುತ್ತೇನೆ. ಅಕ್ಕಿ ಗಿರಣಿಯ ಉಮಿಬೂದಿಯಲ್ಲಿ ಸಿಲಿಕಾ ಹೇರಳ. ಅದನ್ನೂ ಗದ್ದೆಗೆ ಹಾಕುತ್ತೇನೆ. ನಿಮ್ಮ ಭತ್ತದಲ್ಲಿ ಚುಕ್ಕೆ ಕಂಡರೆ ಅಂಗಡಿಗೆ ಹೋಗುವ ಮೊದಲು ರೋಗದ ಎಲೆಯನ್ನೂ ಅರ್ಧ ಕಿಲೋ ಮಣ್ಣನ್ನೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ.