ರಾತ್ರಿ ಪಾಳಿ

"ಕೂಸು ರಾತ್ರಿ ಮಲಗುತ್ತದೆಯೆ?"

ಬಾಣಂತಿಯಿರುವ ಮನೆಗೆ ಬಂದವರು ಮೊದಲು ಕೇಳುವ ಪ್ರಶ್ನೆ ಇದು. ಎರಡನೆಯದು, ಕೂಸಿನ ಮೂಗು ಯಾರ ಹಾಗೆ ಎಂಬುದು. ಎರಡನೆಯ ಪ್ರಶ್ನೆಗೆ ಬಂದವರೇ ಉತ್ತರವನ್ನೂ ಹೇಳಿಬಿಡುತ್ತಾರೆ. ಮೊದಲನೆಯದಕ್ಕೆ ಮಾತ್ರ ನಾವು ಉತ್ತರ ಕೊಡಬೇಕು. "ಇಲ್ಲ" ಎಂದರೆ ಸಾಕು, ಬಂದವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂಡುತ್ತಾರೆ. ಸಲಹೆ ಕೊಡುವ ಅವಕಾಶವನ್ನು ಬಿಟ್ಟುಕೊಡುವ ಮನುಷ್ಯನನ್ನು ಈ ಅರವತ್ತಾರು ವರ್ಷಗಳಲ್ಲಿ ನಾನಂತೂ ಕಂಡಿಲ್ಲ.

ನಮ್ಮದು ಬೆಟಗೇರಿ. ಲೋಕದವರು 'ಗದಗ-ಬೆಟಗೇರಿ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಾವು ಮಾತ್ರ ನಡುವಿನ ಆ ಗೆರೆಯನ್ನು ಮರೆಯುವುದಿಲ್ಲ. ಮಗಳು ಚೊಚ್ಚಲ ಹೆರಿಗೆಗೆಂದು ಬೆಂಗಳೂರಿನಿಂದ ತವರಿಗೆ ಬಂದಳು. ಗಂಡು ಕೂಸು ಹುಟ್ಟಿತು. ಹಗಲೆಲ್ಲ ಅದು ಸಾಧು. ಓಣಿಯ ಮನೆಗಳ ದೀಪ ಆರಿದ ಮೇಲೆ ಅದರ ದಿನ ಆರಂಭವಾಗುತ್ತಿತ್ತು. ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ಎದ್ದು ಅಳುತ್ತಿತ್ತು. ಗದಗ ಜಂಕ್ಷನ್ನಿಗೆ ಬರುವ ಗಾಡಿಗಳೂ ಅಷ್ಟು ವೇಳೆಗೆ ಸರಿಯಾಗಿ ಬರುವುದಿಲ್ಲ.

ಮೊದಲು ಲಕ್ಷ್ಮೇಶ್ವರದಿಂದ ಬೀಗತಿ ಬಂದರು. "ಕೂಸಿಗೆ ಮುಂಜಾನಿ ಎಣ್ಣಿ ಹಚ್ಚಿ ಎರೀತೀರಿ, ಅದಕ್ಕ ಹಗಲಿ ಮಲಗತೈತಿ. ಸಂಜೀಕ ಎರೀರಿ, ಲೋಬಾನದ ಹೊಗಿ ಹಾಕ್ರಿ" ಎಂದರು. ಸಂಜೆ ಎರೆದೆವು. ಕೂಸು ಸಂಜೆಯೇ ಒಂದು ನಿದ್ದೆ ಮುಗಿಸಿ, ರಾತ್ರಿ ಇಮ್ಮಡಿ ಹುರುಪಿನಿಂದ ಎದ್ದಿತು. ಅನಂತರ ಶಿರಹಟ್ಟಿಯ ನಮ್ಮ ಚಿಕ್ಕಮ್ಮ ಬಂದು, ಇದು ದೃಷ್ಟಿಯೇ ಸರಿ ಎಂದು ಉಪ್ಪು-ಮೆಣಸಿನಕಾಯಿ ಇಳಿಸಿ ಸುಟ್ಟಳು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವಂತೆ. ಘಾಟು ಬಂದಿತು, ಇಡೀ ಮನೆಯೇ ಕೆಮ್ಮಿತು. ಅವಳು ಧೃತಿಗೆಡದೆ ಫಕೀರೇಶ್ವರರ ಮಠಕ್ಕೆ ಹರಕೆ ಹೊತ್ತು ಬಸ್ಸು ಹತ್ತಿದಳು. ಮುಂಡರಗಿಯಿಂದ ನನ್ನ ಹೆಂಡತಿಯ ಅಣ್ಣ ಬಜೆಯ ಬೇರನ್ನೂ ಒಂದು ಬಾಟಲಿ ಜೇನನ್ನೂ ಕಳಿಸಿ, ತೇದು ನೆಕ್ಕಿಸಿರೆಂದು ಫೋನಿನಲ್ಲಿ ಅಪ್ಪಣೆ ಮಾಡಿದರು.

ನಾನೇನು ಮಾಡಿದೆನೆಂದು ಓದುಗರು ಕೇಳಬಹುದು. ಪಡಸಾಲೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಮಲಗಿದೆ. ಬೆಳಿಗ್ಗೆ ಚಹಾ ಕುಡಿಯುತ್ತ, "ನಮ್ಮ ಮಕ್ಕಳು ಹಿಂಗ ರಾತ್ರೆಲ್ಲಾ ಅಳ್ತಿದ್ದಿಲ್ಲ" ಎಂದು ತಪ್ಪದೆ ಹೇಳಿದೆ. ಮಗಳು ತಲೆ ಬಗ್ಗಿಸಿ ಕೇಳುತ್ತಿದ್ದಳು. ಬೆಂಗಳೂರಿನ ಅವಳ ಗೆಳತಿಯೊಬ್ಬಳ ಮಗು ರಾತ್ರಿ ಎಂಟಕ್ಕೆ ಮಲಗಿದರೆ ಬೆಳಿಗ್ಗೆ ಆರಕ್ಕೇ ಏಳುವುದೆಂದು ಆ ಗೆಳತಿ ಮೊಬೈಲಿನಲ್ಲಿ ಬರೆದಿದ್ದಳಂತೆ. ಅತ್ತ ಅದು, ಇತ್ತ ನನ್ನ ಮಾತು. ನಡುವೆ ಕುಳಿತ ಎಳೆ ತಾಯಿಗೆ, ಎಲ್ಲರಿಗೂ ಬರುವ ವಿದ್ಯೆ ತನಗೊಬ್ಬಳಿಗೇ ಬಾರದೆಂದು ಅನ್ನಿಸಿದ್ದರೆ ಆಶ್ಚರ್ಯವೇನು? ಆದರೆ ಅದು ನನಗೆ ಹೊಳೆಯಲಿಲ್ಲ.

ಕೂಸಿಗೆ ಎರಡು ತಿಂಗಳು ತುಂಬುವ ಮೊದಲು, ಒಂದು ರಾತ್ರಿ ಮೂರರ ಸುಮಾರಿಗೆ ನೀರು ಕುಡಿಯಲೆಂದು ಎದ್ದೆ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮಗಳು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಕೂಸು ಕೆಂಪಾಗಿ ಅಳುತ್ತಿತ್ತು. ಅವಳ ಕೈಯಲ್ಲಿ ಔಷಧದ ಬಾಟಲಿಯಿತ್ತು.

"ಏನವ್ವಾ ಅದು?"

"ಶೀತದ ಔಷಧಿ. ಬಾಜೂ ಮನಿಯವರು ಕೊಟ್ರು. ನಾಕು ಹನಿ ಹಾಕಿದ್ರ ಮಲಗತೈತಂತ."

"ಕೂಸಿಗೆ ಶೀತ ಆಗೈತೇನು?"

"ಇಲ್ಲಪ್ಪಾ. ನನಗ ನಿದ್ದಿ ಬೇಕಾಗೇತಿ."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಬುದ್ಧಿ ಹೇಳುತ್ತಿದ್ದೆನೇನೋ. ಆ ಸಪ್ಪೆ ದನಿಯನ್ನು ಕೇಳಿ ನನ್ನ ಬಾಯಿ ಕಟ್ಟಿತು. ಬಾಟಲಿಯನ್ನು ತೆಗೆದುಕೊಂಡು ಮಾಡಿನಲ್ಲಿಟ್ಟೆ. ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಎಷ್ಟು ಹೊತ್ತೋ ತಿಳಿಯದು. ಕೂಸು ಸುಮ್ಮನಾದಾಗ ತಿರುಗಿ ನೋಡಿದರೆ, ಮಗಳು ಕುಳಿತಲ್ಲಿಯೇ ನಿದ್ದೆ ಹೋಗಿದ್ದಳು.

ಬೆಳಿಗ್ಗೆ ಹೆಂಡತಿಗೆ ಎಲ್ಲವನ್ನೂ ಹೇಳಿ, ರೂಢಿಯ ಬಲದಿಂದ ಕೊನೆಗೆ, "ನಮ್ಮ ಮಕ್ಕಳು ಹಿಂಗ ಅಳ್ತಿದ್ದಿಲ್ಲ ನೋಡು" ಎಂದೆ.

ಅವಳು ಹಾಲಿನ ಪಾತ್ರೆಯಿಂದ ಕಣ್ಣು ಎತ್ತಲಿಲ್ಲ. "ಅಳತಿದ್ವು" ಎಂದಳು. "ನೀವು ಮಲಗಿರ್ತಿದ್ರಿ, ಅಷ್ಟ."

ಇಷ್ಟು ವರ್ಷ ಈ ಮಾತನ್ನು ಏಕೆ ಹೇಳಲಿಲ್ಲವೆಂದು ಕೇಳಿದೆ. "ನೀವು ಕೇಳಿದ್ದಿಲ್ಲ" ಎಂದಳು. ನಮ್ಮಪ್ಪ ನೇಕಾರರು. ಮನೆಯಲ್ಲಿ ಎರಡು ಮಗ್ಗಗಳಿದ್ದವು. ನಡುರಾತ್ರಿಯವರೆಗೂ ಅವ್ವ ಕಂಡಿಕೆ ಸುತ್ತುತ್ತ, ಕಾಲಿನಿಂದ ತೊಟ್ಟಿಲ ಹಗ್ಗ ಜಗ್ಗುತ್ತಿದ್ದಳಂತೆ. ಅನಂತರ ನನ್ನ ಹೆಂಡತಿ. ಕೋಳಿ ಕೂಗುವ ಹೊತ್ತಿಗೆ ಅತ್ತಿಗೆ. ಹೊಲಕ್ಕೆ ನೀರು ಹಾಯಿಸುವವರ ಹಾಗೆ ಮೂವರು ಹೆಂಗಸರು ಪಾಳಿ ಹಚ್ಚಿಕೊಂಡಿದ್ದರು. ಗಂಡಸರಾದ ನಾವು ಬೆಳಿಗ್ಗೆ ಎದ್ದು, ಕೂಸುಗಳು ಬಹಳ ಒಳ್ಳೆಯವೆಂದು ಹೊಗಳುತ್ತಿದ್ದೆವು. ಮಲಗುವ ಮಕ್ಕಳ ತಂದೆಯೆಂಬ ಹೆಮ್ಮೆಯಲ್ಲಿ ನಾನು ಮೂವತ್ತು ವರ್ಷ ಕಳೆದೆ. ಈಗ ಮನೆಯಲ್ಲಿ ಅವ್ವನಿಲ್ಲ, ಅತ್ತಿಗೆಯಿಲ್ಲ, ಮಗ್ಗಗಳೂ ಇಲ್ಲ. ಹೆಂಡತಿಗೆ ಮೊಣಕಾಲು ನೋವು. ಮೂವರ ಪಾಳಿ ಮಗಳೊಬ್ಬಳ ಕೊರಳಿಗೆ ಬಿದ್ದಿತ್ತು.

ಅಂದೇ ಡಾಕ್ಟರರ ಬಳಿಗೆ ಹೋದೆವು. ಬಾಟಲಿಯನ್ನು ನೋಡಿ ಅವರ ಮುಖ ಗಂಭೀರವಾಯಿತು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ಇಂಥ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆಯೇ ಮುದ್ರಿಸಲು 2023ರ ಡಿಸೆಂಬರಿನಲ್ಲಿ ಭಾರತದ ಔಷಧ ನಿಯಂತ್ರಣದವರು ಸೂಚಿಸಿದ್ದಾರೆ. ವರ್ಷ ತುಂಬುವವರೆಗೆ ಜೇನೂ ಬೇಡ, ಅದರಲ್ಲಿ ಕೂಸಿನ ನರಗಳಿಗೆ ವಿಷವಾಗುವ ರೋಗಾಣು ಇರಬಹುದು ಎಂದರು. ಹೊಗೆ ಬೇಡ, ತಲೆದಿಂಬು ಬೇಡ. ಅಂಗಾತ ಮಲಗಿಸಿರಿ ಎಂದರು. ಮಗಳನ್ನು ಅವರು ಬಯ್ಯಲಿಲ್ಲ. ಕೂಸನ್ನು ಔಷಧದಿಂದ ಮಲಗಿಸುವುದು ಹೊಸ ಸಂಗತಿಯೂ ಅಲ್ಲ. 1920ರ ಸುಮಾರಿಗೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಅಫೀಮಿನ 'ಬಾಲಗೋಳಿ' ಕೊಟ್ಟು ಕೂಸನ್ನು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದುದು ಆ ಕಾಲದ ಸರಕಾರಿ ವರದಿಗಳಲ್ಲಿಯೇ ಇದೆ. ಆ ತಾಯಂದಿರು ಕೆಟ್ಟವರಾಗಿರಲಿಲ್ಲ. ಅವರ ಕೂಸನ್ನು ಎತ್ತಿಕೊಳ್ಳುವ ಇನ್ನೊಂದು ಕೈ ಇರಲಿಲ್ಲ.

ಡಾಕ್ಟರರು ಹೇಳಿದ ಇನ್ನೊಂದು ಮಾತು ಮಗಳಿಗೆ ಔಷಧವಾಯಿತು. ಹುಟ್ಟಿದ ಕೂಸು ದಿನಕ್ಕೆ ಹದಿನಾರು-ಹದಿನೇಳು ತಾಸು ಮಲಗುತ್ತದೆ, ಆದರೆ ತುಂಡು ತುಂಡಾಗಿ. ಅದರ ಹೊಟ್ಟೆ ಚಿಕ್ಕದು. ಹಗಲು-ರಾತ್ರಿಗಳ ಲೆಕ್ಕ ಅದರ ಮೈಗೆ ಹತ್ತುವುದು ಎರಡು-ಮೂರು ತಿಂಗಳಾದ ಮೇಲೆ. 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಆರು ತಿಂಗಳ ಕೂಸುಗಳಲ್ಲಿ ನೂರಕ್ಕೆ ಸುಮಾರು 38 ರಾತ್ರಿ ಆರು ತಾಸು ಕೂಡ ಒಂದೇ ಸಮನೆ ಮಲಗುತ್ತಿರಲಿಲ್ಲ. ವರ್ಷ ತುಂಬಿದವುಗಳಲ್ಲಿಯೂ ಅಂಥವು ನೂರಕ್ಕೆ ಸುಮಾರು 28 ಇದ್ದವು. "ಅಂದ್ರ ನಂದೇನೂ ತಪ್ಪಿಲ್ಲಾ?" ಎಂದು ಮಗಳು ಕೇಳಿದಳು. ಆ ಪ್ರಶ್ನೆ ಡಾಕ್ಟರರಿಗೆ; ನೋಡಿದ್ದು ಮಾತ್ರ ನನ್ನ ಕಡೆಗೆ.

ಅಂದಿನಿಂದ ಒಂದರಿಂದ ನಾಲ್ಕರವರೆಗೆ ನನ್ನ ಪಾಳಿ. ನಾಲ್ಕರ ಮೇಲೆ ಹೆಂಡತಿಯದು. ಹಸಿದಾಗ ಮಾತ್ರ ಕೂಸು ತಾಯಿಯ ಬಳಿಗೆ ಹೋಗುತ್ತದೆ. ಹಾಲು ಕುಡಿದ ಮೇಲೆ ತೇಗಿಸಿ, ತಿರುಗಾಡಿಸಿ ಮಲಗಿಸುವುದು ನಮ್ಮ ಕೆಲಸ. ಮೊದಲು ಈ ವಿದ್ಯೆ ನನಗೆ ಬರುತ್ತಿರಲಿಲ್ಲ. ತೊಟ್ಟಿಲಿಗೆ ಹಾಕಿದೊಡನೆ ಕೂಸು ಕಣ್ಣು ಬಿಡುತ್ತಿತ್ತು. ಜಪಾನಿನ ವಿಜ್ಞಾನಿಗಳು ಇದನ್ನೂ ಪರೀಕ್ಷಿಸಿದ್ದಾರೆಂದು ಅಳಿಯ ಫೋನಿನಲ್ಲಿ ತಿಳಿಸಿದ. 2022ರ ಅವರ ವರದಿಯ ಪ್ರಕಾರ, ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆಯಬೇಕು. ಮಲಗಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂಡಬೇಕು. ಆಮೇಲೆ ಹಾಸಿಗೆಗೆ ಇಳಿಸಬೇಕು. ಹಾಗೆ ಕುಳಿತಾಗ ನಮ್ಮೂರಿನ ಕವಿಯ ನೆನಪಾಗುತ್ತದೆ. ಕುಮಾರವ್ಯಾಸನು ಕೋನೇರಿಯಲ್ಲಿ ಮಿಂದು, ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ, ಉಟ್ಟ ಬಟ್ಟೆ ಒದ್ದೆಯಿರುವವರೆಗೆ ಕಾವ್ಯ ಹೇಳುತ್ತಿದ್ದನೆಂಬ ಕಥೆಯಿದೆಯಲ್ಲ? ಮೊಮ್ಮಗನ ದಯೆಯಿಂದ ನಾನೂ ಎಷ್ಟೋ ರಾತ್ರಿ ಒದ್ದೆ ಬಟ್ಟೆಯಲ್ಲಿ ಕುಳಿತಿದ್ದೇನೆ. ಕಾವ್ಯ ಮಾತ್ರ ಬರಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಒಂದು ರಾತ್ರಿ ಕೂಸು ಐದು ತಾಸು ಒಂದೇ ಸಮನೆ ಮಲಗಿತು. ಲಕ್ಷ್ಮೇಶ್ವರದವರು ಎಣ್ಣೆನೀರಿನ ಗುಣವೆಂದರು. ಶಿರಹಟ್ಟಿಯವಳು ಹರಕೆಯ ಫಲವೆಂದಳು. ಮುಂಡರಗಿಯವರು ಬಜೆಯನ್ನು ಹೊಗಳಿದರು. ನಾವು ಯಾರ ಮಾತನ್ನೂ ಅಲ್ಲಗಳೆಯಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಅದು ಮತ್ತೆ ಎದ್ದು ಅಳತೊಡಗಿತು. ಆಗ ಯಾರೂ ಹೊಣೆ ಹೊರಲಿಲ್ಲ.

ಮುಂದಿನ ವಾರ ಮಗಳು ಬೆಂಗಳೂರಿಗೆ ಹೊರಡುತ್ತಾಳೆ. ರೂಢಿಯಂತೆ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಕೊಟ್ಟು ಕಳಿಸುತ್ತಿದ್ದೇವೆ. ಅರಗಿನ ಹೊಳಪಿನಲ್ಲಿ ಕೃಷ್ಣನ ಆಟಗಳನ್ನು ಬರೆದ ಸಾಗವಾನಿಯ ಚೆಂದದ ತೊಟ್ಟಿಲು ಅದು. ಆದರೆ ತೊಟ್ಟಿಲು ತಾನಾಗಿ ತೂಗುವುದಿಲ್ಲ. ಅಳಿಯ ನಿನ್ನೆ ಬಂದಿದ್ದಾನೆ. ಊಟವಾದ ಮೇಲೆ ಅವನನ್ನು ಮಾಳಿಗೆಗೆ ಕರೆದೊಯ್ದು, ನನ್ನ ಪಾಳಿಯ ವಿಷಯವನ್ನೆಲ್ಲ ಹೇಳಿದೆ. ಸಂಭಾವಿತ ಹುಡುಗ, ನಕ್ಕು, "ನಮ್ಮಪ್ಪ ಯಾವತ್ತೂ ಎದ್ದದ್ದು ನಾ ನೋಡಿಲ್ಲರಿ ಮಾವಾ" ಎಂದ. "ನಿನ್ನ ಹೆಂಡತೀನೂ ನೋಡಿಲ್ಲಪ್ಪಾ" ಎಂದೆ.

ಇದನ್ನು ಬರೆಯುತ್ತಿರುವಾಗ ಗಂಟೆ ಒಂದೂವರೆ. ದೂರದಲ್ಲಿ ಗೂಡ್ಸ್ ಗಾಡಿ ಕೂಗುತ್ತಿದೆ. ಒಳಗೆ ಕೂಸು ಮಿಸುಕಿತು. ಸಣ್ಣದೊಂದು ದನಿ ತೆಗೆಯಿತು. ನಾನು ಲೇಖನಿಯನ್ನು ಕೆಳಗಿಟ್ಟು ಏಳುವಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಅಳಿಯ ಕೂಸನ್ನು ಹೆಗಲಿಗೆ ಹಾಕಿಕೊಂಡು, ಮಂಚದ ಕಾಲಿಗೆ ಎಡವುತ್ತ, ಈ ಗೋಡೆಯಿಂದ ಆ ಗೋಡೆಗೆ ನಡೆಯತೊಡಗಿದ.

ಬಹಳ ಜೋರಾಗಿ ನಡೆಯುತ್ತಿದ್ದಾನೆ. ಹೇಳಿಕೊಡಬೇಕು. ಓದುಗರು ಕ್ಷಮಿಸಬೇಕು.